ಖಡಿ ಗುಡ್ಡೆಯ ಬಾಣಂತಿ

ನಾನು ಹಟ ಹಿಡಿದಾಗಲೆಲ್ಲ ಬೆಟಗೇರಿಯ ನಮ್ಮ ಓಣಿಗೆ ಒಂದು ತಮಾಷೆ ಸಿಗುತ್ತದೆ. ನಡೆಯುವಾಗ ಮಾತ್ರ ಅದು ತಮಾಷೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಅನಿಸುವುದಿಲ್ಲ.

೧. ನಾಲ್ಕು ಕಲ್ಲು

ರೊಟ್ಟಿ ಬಡಿದು ಮಾರಿ ಈ ಮನೆ ಕಟ್ಟಿದವಳು ನಾನು. ಮಳೆಗಾಲಕ್ಕೆ ಮುಂಚೆ ಒಲೆಗಳ ಮೇಲೆ ಸ್ಲ್ಯಾಬ್ ಹಾಕದಿದ್ದರೆ ದಂಧೆ ನಿಲ್ಲುತ್ತಿತ್ತು. ಬಾಗಿಲ ಮುಂದೆ ಅದಕ್ಕೆ ಬೇಕಾದ ಜಲ್ಲಿಕಲ್ಲಿನ ಖಡಿ ಸುರಿಸಿ ಕೆಲವು ದಿನವಾಗಿತ್ತು. ಗಾರೆ ಕೆಲಸದ ಗೌಂಡಿ ಅದಕ್ಕೆ ಸಲಿಕೆ ಹಾಕಿದ್ದೇ ತಡ, ಟಿಟ್ಟಿಭ ಹಕ್ಕಿಯೊಂದು ಚೀರುತ್ತ ಅವನ ತಲೆಗೆ ಎರಗಿತು. ಅವನ ಸಲಿಕೆಯ ತುದಿಯ ಮುಂದಿದ್ದ ನಾಲ್ಕು ಕಲ್ಲು ಕಲ್ಲಾಗಿರಲಿಲ್ಲ, ಮೊಟ್ಟೆಗಳು. ನಾನು ಸಲಿಕೆ ಹಿಡಿದು ನಿಲ್ಲಿಸಿದೆ.

ಸ್ವಲ್ಪ ಆಚೆ ಸರಿಸಿ ಇಡೋಣ ಅಂದ.

"ನಿಮ್ಮ ಮನ್ಯಾಗ ಬಾಣಂತೀನ ಹೊರಸು ಸಮೇತ ಓಣ್ಯಾಗ ಇಡ್ತೀರೇನು?" ಅಂದೆ.

ಅವನು ಸಾಮಾನು ಕಟ್ಟಿಕೊಂಡು ಸೊರಟೂರಿನ ಕೆಲಸಕ್ಕೆ ಹೊರಟ. "ಹೆರಿಗಿ ಆದ ಮ್ಯಾಲ ಖಬರ ಕಳಸ್ರಿ, ಅಕ್ಕಾರ."

೨. ಇದ್ದಲಿ ಗೆರೆ

ಶಾಲೆಗೆ ಹೋದವಳಲ್ಲ ನಾನು. ರೊಟ್ಟಿ ಕಟ್ಟುವ ಹಳೆ ಪೇಪರಿನಲ್ಲೇ ಓದು ಕಲಿತೆ. ಗ್ರಂಥಾಲಯದಿಂದ ಹಕ್ಕಿಗಳ ಪುಸ್ತಕ ತಂದೆ. ನಾಲ್ಕು ವಾರಕ್ಕೆ ಮರಿ ಅಂತಿತ್ತು. ಗೋಡೆಯ ಮೇಲೆ ದಿನಕ್ಕೊಂದು ಇದ್ದಲಿ ಗೆರೆ ಎಳೆದೆ. ಗಿರಾಕಿಗಳು ಹಕ್ಕಿಯ ಭಯಕ್ಕೆ ತಲೆಗೆ ಚೀಲ ಹೊದ್ದು ಓಡಿಬಂದು ರೊಟ್ಟಿ ಒಯ್ದರು. ಅತ್ತೆ ಹಕ್ಕಿಗೆಂದು ಅಂಟಿನುಂಡೆ ಪುಡಿ ಮಾಡಿ ಹಾಕಿದರು, ಇರುವೆಗಳ ಬಾಣಂತನವಾಯಿತು.

ಕಪ್ಪತಗುಡ್ಡದ ಕಡೆ ಮೋಡ ಕಟ್ಟತೊಡಗಿತು. ಇಪ್ಪತ್ತೆಂಟು ಗೆರೆ ತುಂಬಿದರೂ ಮರಿ ಇಲ್ಲ. ಪುಸ್ತಕವೇ ತಪ್ಪಿರಬೇಕು ಅಂದರು ಯಜಮಾನರು. ಪುಸ್ತಕ ತಪ್ಪುವುದಿಲ್ಲ ಅಂತ ನಾನು ಜಗಳಕ್ಕೆ ನಿಂತೆ.

ಅತ್ತೆ ಗೋಡೆ ನೋಡಿದರು. "ಅದರಾಗ ಆರು ಗೆರಿ ನನ್ನವು. ನೀ ಮರತೀ ಅಂತ ಎಳದಿದ್ದೆ."

೩. ಎಡಗಾಲಿನ ಚಪ್ಪಲಿ

ಕೊನೆಗೂ ಮರಿಯಾದವು. ಗೌಂಡಿ ಬಂದ. ನಾವು ಸಮೀಪ ಹೋದರೆ ತಾಯಿ ಚೀರುತ್ತಿತ್ತು. ತಾಯಿ ಚೀರಿದರೆ ಮರಿಗಳು ಅಲ್ಲೇ ಕಲ್ಲಾಗಿ ಕೂತು ಕಾಣದಾಗುತ್ತಿದ್ದವು. ಕಟ್ಟೆಯ ಮೇಲೆ ಬೆಕ್ಕು ಬೇರೆ. ಯಜಮಾನರು ಅದನ್ನು ಅಟ್ಟಿಬಂದರು. ಎಲ್ಲರೂ ಒಳಗೆ ಸೇರಿ ಕಿಟಕಿಗೆ ಕಣ್ಣು ಹಚ್ಚಿದೆವು.

ತಾಯಿ ಕರೆದಂತೆ ಒಂದು, ಎರಡು, ಮೂರು ಮರಿ ಓಣಿಯಾಚೆಯ ಹೊಲಕ್ಕೆ ಓಡಿದವು. ನಾಲ್ಕನೆಯದು ಬರಲಿಲ್ಲ. ದೂರದಲ್ಲಿ ಗುಡುಗಿತು. ನಾನು ಮೊದಲ ಸಲ ಸೋತು, ಕೆಲಸ ಹಚ್ಚರಿ ಅಂದೆ.

"ಕೂಸು ಖಡಿಯೊಳಗೈತ್ರಿ. ನಾ ಸಲಿಕಿ ಹಾಕೂದಿಲ್ಲ" ಅಂದ ಗೌಂಡಿ.

ಮರಿಯನ್ನು ಹುಡುಕಲೆಂದು ಹೊಸ್ತಿಲು ದಾಟಹೋದವನು ಕಾಲೆತ್ತಿಕೊಂಡೇ ನಿಂತ. ಅವನು ಬಾಗಿಲಾಚೆ ಬಿಟ್ಟಿದ್ದ ಎಡಗಾಲಿನ ಚಪ್ಪಲಿಯಲ್ಲಿ ಮರಿ ಮುದುರಿಕೊಂಡಿತ್ತು. ನಾವು ಅಲ್ಲಿರುವ ತನಕ ಅದು ಏಳುವಂತಿರಲಿಲ್ಲ. ಗೌಂಡಿ ಸದ್ದಿಲ್ಲದೆ ಹಿಂದೆ ಸರಿದು, ಹಿತ್ತಲ ಬಾಗಿಲಲ್ಲಿದ್ದ ಅತ್ತೆಯ ಚಪ್ಪಲಿ ಮೆಟ್ಟಿ, ತುದಿಗಾಲಲ್ಲಿ ತನ್ನ ಮನೆಗೆ ನಡೆದ.

"ಹಗೂರಕ ನಡಿಯಪ್ಪಾ, ಚಪ್ಪಲಿ ಉಂಗುಟ ಹರದೀತು" ಅಂದರು ಅತ್ತೆ.

ಮರಿ ತಾಯಿಯನ್ನು ಸೇರಿತು. ಮರುದಿನ ಹತ್ತಿದ ಕೆಲಸ ಮಳೆಗೆ ಮುಂಚೆ ಮುಗಿಯಿತು. ಅತ್ತೆಯ ಚಪ್ಪಲಿ ಮಾತ್ರ ಇನ್ನೂ ಬಂದಿಲ್ಲ. ಗೌಂಡಿಯ ಹೆಂಡತಿಗೆ ಅಳತೆ ಸರಿಯಾಗಿ ಕೂತಿದೆಯಂತೆ.