ಕಫೀಲನ ಜಿಂಕೆ

ಬಾಯಿ ಮುಚ್ಚಿಕೊಂಡಿದ್ದರೆ ಕಜೆಟನ್ ಆ ಸಂಜೆ ವಿಮಾನ ನಿಲ್ದಾಣದಲ್ಲಿರುತ್ತಿದ್ದ. ಆದರೆ ಅದು ಮುಚ್ಚುವ ಬಾಯಿಯೇ ಅಲ್ಲವಲ್ಲ!

ನಾಡಿದ್ದು ಊರಲ್ಲಿ ಮಗಳು ಜಾನಿಸಳ ಮದುವೆ. ಟಿಕೆಟ್ ಆಗಿತ್ತು, ರಜೆಗೆ ಕಫೀಲ್, ಅಂದರೆ ವೀಸಾ ಕೊಟ್ಟ ಅರಬ್ ಧಣಿ, ಹೂಂ ಅನ್ನುವುದೊಂದೇ ಬಾಕಿ. ಅಷ್ಟರಲ್ಲಿ ಸುಲೈಬಿಯಾದ ತೋಟದಿಂದ ಕಫೀಲನ ಮುದ್ದಿನ ಜಿಂಕೆ, ಕೊರಳ ಗಂಟೆ ಸಮೇತ, ಬೇಲಿ ಹಾರಿ ಪಕ್ಕದ ಸರಕಾರಿ ಕಾಡಿಗೆ ಹೋಯಿತು. ಕಾಡೆಂದರೆ ಮರಳು ತಡೆಯಲು ನೆಟ್ಟ ಜಾಲಿಮರಗಳು. ರಜೆಯ ದಿನ ಜನ ಚಾಪೆ ಹಾಸಿ ಬಿರಿಯಾನಿ ತಿನ್ನುವ ಜಾಗ.

ಫರ್ವಾನಿಯಾದ ಆಫೀಸಿನಲ್ಲಿ ಕಫೀಲ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಸಮಾಧಾನ ಹೇಳಲು ಹೋದ ಕಜೆಟನ್, "ಊರಲ್ಲಿ ನಾನು ಮರದ ಮೇಲೆ ಅಟ್ಟಣೆ ಕಟ್ಟಿ ಕೂತರೆ ಒಂದು ಜಿಂಕೆಯೂ ತಪ್ಪಿಸಿಕೊಳ್ಳುತ್ತಿರಲಿಲ್ಲ" ಅಂದುಬಿಟ್ಟ. ಅವನು ಜನ್ಮದಲ್ಲಿ ಒಂದೇ ಸಲ ಅಟ್ಟಣೆ ಹತ್ತಿದ್ದು. ಅದೂ ಅಪ್ಪನಿಗೆ ಟಾರ್ಚು ಹಿಡಿಯಲು. ನಿದ್ದೆ ಬಂದು ಕೆಳಗೆ ಬಿದ್ದಿದ್ದ.

"ಯಲ್ಲಾ, ಹೊರಡು," ಅಂದ ಕಫೀಲ್. "ಹಿಡಿದು ಕೊಡು, ಊರಿಗೆ ಹೋಗು. ಗಾಯ ಆಗಬಾರದು."

ಕಜೆಟನ್ ಹೆಂಡತಿ ಸಿಸಿಲಿಯಾಗೆ ಫೋನು ಮಾಡಿ ಅಳಲು ತೋಡಿಕೊಂಡು ಪಿಕಪ್ ಹತ್ತಿದ.

"ಪೊರ್ಬುಗಳೇ, ಈ ಹಲಗೆ ನಿಮ್ಮನ್ನು ತಡೆದೀತಾ?" ಕಾಡಿನಲ್ಲಿ ಜಾಲಿಮರಕ್ಕೆ ಅಟ್ಟಣೆಯ ಹಲಗೆ ಕಟ್ಟುವಾಗ, ಕ್ರಿಸ್ತುವರನ್ನೆಲ್ಲ ಪೊರ್ಬು ಅನ್ನುವ ಡ್ರೈವರ್ ಪುರಂದರನಿಗೆ ಅನುಮಾನ.

"ಹಗ್ಗ ಗಟ್ಟಿ ಉಂಟು. ಮರದ್ದು ಹೇಳ್ಲಿಕ್ಕಾಗುದಿಲ್ಲ," ಅಂದ ತೋಟ ನೋಡಿಕೊಳ್ಳುವ ಅಝರುದ್ದೀನ್.

ಇಬ್ಬರೂ ಕಜೆಟನ್‌ನನ್ನು ಅಕ್ಕಿಮುಡಿಯ ಹಾಗೆ ಮೇಲಕ್ಕೆತ್ತಿ ಕೂರಿಸಿದರು. ಕೈಗೆ ಮತ್ತಿನ ಸೂಜಿಯ ಬಂದೂಕು ಕೊಟ್ಟು, ತಾವು ಪಿಕಪ್ಪಿನ ಗಾಜು ಏರಿಸಿಕೊಂಡು ಬೆಚ್ಚಗೆ ಕೂತರು.

ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಮುಗಿಯಿತು. ಮಂಜು ಇಳಿಯಿತು. ಹೆದ್ದಾರಿಯ ಸದ್ದು, ಯಾರೋ ಬಾಗಿಲು ಹಾಕಿಕೊಂಡ ಹಾಗೆ, ನಿಂತೇಹೋಯಿತು. ಕಜೆಟನ್‌ಗೆ ಮಗಳ ನೆನಪಾಯಿತು. ಕಳೆದದ್ದನ್ನು ಹುಡುಕಿಕೊಡುವವನು ಸಂತ ಅಂತೋನಿ. "ಜಿಂಕೆ ಕೊಡು, ಊರಿಗೆ ಬಂದು ಮೇಣದ ಬತ್ತಿ ಹಚ್ಚುತ್ತೇನೆ," ಅಂತ ಬೇಡಿಕೊಂಡ.

ಗಂಟೆ ಕೇಳಿತು.

ಬಗ್ಗಿ ನೋಡಿದರೆ ಬುಡದಲ್ಲೇ ಜಿಂಕೆ. ಬಂದ ಸದ್ದಿಲ್ಲ, ಮೂಗಿನಲ್ಲಿ ಹಬೆಯಿಲ್ಲ. ಕರೆದದ್ದಕ್ಕೆ ಬಂದ ಹಾಗೆ ಅವನನ್ನೇ ನೋಡುತ್ತಿತ್ತು. ಕಜೆಟನ್ ಕಣ್ಣು ಮುಚ್ಚಿ ಬಂದೂಕಿನ ಕುದುರೆ ಒತ್ತಿದ. ಅದು ಮೆಲ್ಲಗೆ ಕಾಲು ಮಡಚಿ ಮಲಗಿತು.

ಅವನ ಖುಷಿ ಗಂಟಲಿಗೆ ಬರುವ ಮೊದಲೇ ಇನ್ನೊಂದು ಗಂಟೆ. ಅದೇ ಮೈ, ಅದೇ ಗಂಟೆ, ಅದೇ ನೋಟ. ಮತ್ತೆ ಸೂಜಿ ತುಂಬಿ ಹೊಡೆದ. ಆಮೇಲೆ ಮೂರನೆಯದು. ಅದಕ್ಕೂ ಹೊಡೆದು, ಶಿಲುಬೆಯ ಗುರುತು ಹಾಕಲು ಕೈ ಎತ್ತಿದ್ದೇ ಹಲಗೆ ಜಾರಿ ಜಿಂಕೆಗಳ ನಡುವೆ ದೊಪ್ಪನೆ ಬಿದ್ದ.

ಟಾರ್ಚು ಹಿಡಿದು ಓಡಿಬಂದ ಇಬ್ಬರ ಮುಖದಲ್ಲೂ ರಕ್ತವಿರಲಿಲ್ಲ.

"ಕಳೆದದ್ದು ಒಂದಲ್ವಾ?" ಅಂದ ಕಜೆಟನ್.

ಪುರಂದರ ತಲೆ ತಗ್ಗಿಸಿದ. "ನಿಮ್ಮ ಕಷ್ಟ ನೋಡ್ಲಿಕ್ಕಾಗದೆ ನಾನು ಊರಿನ ದೈವ ಕೊರಗಜ್ಜನಿಗೆ ಹೇಳಿಕೊಂಡಿದ್ದೆ. ಚಕ್ಕುಲಿ, ಬೀಡ ಇಡ್ತೇನೆ ಅಂತ."

"ನಾನು ದರ್ಗಾಕ್ಕೆ ಹರಕೆ ಹೇಳಿದ್ದೆ, ಕಜೆಟನಣ್ಣ," ಅಂದ ಅಝರುದ್ದೀನ್.

ಕಜೆಟನ್ ಮಲಗಿದ್ದ ಜಿಂಕೆಗಳನ್ನು ಮತ್ತೊಮ್ಮೆ ಎಣಿಸಿದ. "ಒಬ್ಬರನ್ನೊಬ್ಬರು ಕೇಳಿಕೊಂಡಾದರೂ ಹರಕೆ ಹೇಳಬಾರದಿತ್ತಾ ಮಾರಾಯ್ರೇ?"

ಅಷ್ಟರಲ್ಲಿ ಕಫೀಲನ ಕಾರು ಬಂತು. ಒಂದರ ಬದಲು ಮೂರು ಕಂಡ ಮನುಷ್ಯನಿಗೆ ಯಾವುದು ತನ್ನದೆಂಬ ಚಿಂತೆಯೇ ಬರಲಿಲ್ಲ. "ಒಳಗೆ ಇನ್ನೆಷ್ಟಿವೆಯೋ! ಕಾಡು ಖಾಲಿಯಾದ ಮೇಲೆ ರಜೆ."

"ಖಾಲಿಯೇ ಬಾಬಾ! ಇನ್ನೊಂದಿಲ್ಲ, ಮಗಳಾಣೆ," ಅಂತ ಕಜೆಟನ್ ಕಾಲಿಗೆ ಬೀಳುವುದೊಂದು ಬಾಕಿ. ಮೂರು ಹರಕೆ, ಮೂರು ಜಿಂಕೆ. ಅವನ ಮಟ್ಟಿಗೆ ಖಲಾಸ್.

ಕಫೀಲ್ ಮರುಗಿದ. "ಸ್ವಲ್ಪ ಹೊತ್ತು ಕೇಳೋಣ. ಗಂಟೆ ಕೇಳದಿದ್ದರೆ ಹೋಗು."

ನಾಲ್ವರೂ ಉಸಿರು ಬಿಗಿಹಿಡಿದು ನಿಂತರು. ಪುರಂದರನ ತುಟಿ ಅಲ್ಲಾಡಿದ್ದು ಕಂಡು ಕಜೆಟನ್ ಅವನ ಬಾಯಿಗೆ ಕೈ ಅಡ್ಡ ಹಿಡಿದ. ಮಂಜಿನಲ್ಲಿ ಎಲೆ ಕೂಡ ಮಿಸುಕಲಿಲ್ಲ. ಕಫೀಲ್ ಕೊನೆಗೆ, "ಸರಿ, ಹೊರ..." ಅನ್ನುವಾಗ ಕಜೆಟನ್‌ನ ಫೋನು ಬಡಿದುಕೊಂಡಿತು. ಸಿಸಿಲಿಯಾ.

"ನೀವು ಏನೂ ಹೆದರಬೇಡಿ," ಅಂದಳು ಅವಳು. "ಜಾನಿಸ್ ಅಳುವುದು ನೋಡಿ ಮನೆಗೆ ಬಂದ ನೆಂಟರು, ಚರ್ಚಿನವರು, ಅಡುಗೆಯವರು, ಎಲ್ಲರೂ ಒಂದೊಂದು ಮೇಣದ ಬತ್ತಿ ಹಿಡಿದು, ಆ ಜಿಂಕೆ ಸಿಗಲಿ ಅಂತ ಈಗಷ್ಟೇ ಹರಕೆ ಹೇಳಿದ್ದೇವೆ."

"ಎಷ್ಟು ಜನ?" ಅಂದ ಕಜೆಟನ್.

ಅವಳು ಲೆಕ್ಕ ಹಾಕುತ್ತಿರುವಾಗಲೇ ಮಂಜಿನೊಳಗೆ ಒಂದು ಗಂಟೆ ಅಲುಗಿತು. ಅದರಾಚೆ ಮತ್ತೊಂದು, ಮತ್ತೂ ಆಚೆ ಹತ್ತಾರು; ಕೊನೆಗೆ ಇಡೀ ಕಾಡೇ ಗಲಗಲ ಅನ್ನುತ್ತ ಹತ್ತಿರ ಬರತೊಡಗಿತು. ಕಫೀಲ್ ಕೆಳಗೆ ಬಿದ್ದಿದ್ದ ಹಲಗೆಯನ್ನು ತಾನೇ ಎತ್ತಿ ಮರಕ್ಕೆ ಕಟ್ಟಲು ಶುರುಮಾಡಿದ.