ನಾಗಲಿಂಗನ ರೊಟ್ಟಿ ಸಪ್ಪಳ

ಎಂಟು ಅಡಿಯ ಕೆಂಪು ಕಲ್ಲನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಕೊಯ್ಯಿಸುವ ನಾಗಲಿಂಗನಿಗೆ ಒಂದು ಜೋಳದ ರೊಟ್ಟಿ ಯಾವ ಲೆಕ್ಕ? ಹಾಗಂತ ಅವನೇ ಹೇಳಿದ. ಮನೆಯಲ್ಲಿ ಹೇಳಿದ್ದರೆ ಮನೆಯಲ್ಲೇ ಮುಗಿಯುತ್ತಿತ್ತು. ಮಗಳ ಶಾಲೆಯ ಪಾಲಕರ ಸಭೆಯಲ್ಲಿ, ಎದ್ದು ನಿಂತು, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಹೇಳಿದ!

ಇಳಕಲ್ಲಿನ ಆ ಶಾಲೆಯಲ್ಲಿ ರಾಧಿಕಾ ಟೀಚರು ಹೊಸದೊಂದು ಪದ್ಧತಿ ಶುರು ಮಾಡಿದ್ದರು. ಹೆಸರು 'ಕೂಡಿ ಕಲಿಯೋಣ'. ಮಗುವಿಗೂ ಬಾರದ, ಅಪ್ಪನಿಗೋ ಅವ್ವನಿಗೋ ಬಾರದ ಒಂದು ಕೆಲಸವನ್ನು ಇಬ್ಬರೂ ಕೂಡಿ ಕಲಿತು, ಮುಂದಿನ ಶನಿವಾರ ಎಲ್ಲರೆದುರು ಮಾಡಿ ತೋರಿಸಬೇಕು. ಮನೆಯಲ್ಲಿ ಆ ಕೆಲಸ ಬಲ್ಲವರು ಒಂದೇ ಒಂದು ಸಲ ಮಾಡಿ ತೋರಿಸಿ, ಆಮೇಲೆ ಎರಡು ತಾಸು ಬಾಯಿ ಮುಚ್ಚಿಕೊಂಡು ಕೂಡಬೇಕು. ಯಾರೂ ಬೈಯುವಂತಿಲ್ಲ. ಬೈದರೆ ಮಗು ಅದನ್ನು ವಹಿಯಲ್ಲಿ ಬರೆದಿಡಬೇಕು.

"ನಾ ಮತ್ತ ನನ್ನ ಮಗಳು ಶಿವಗಂಗಾ ರೊಟ್ಟಿ ಬಡಿತೇವ್ರಿ. ಹುಣ್ಣಿವಿ ಚಂದ್ರಾಮ ನೋಡಿ ನಾಚಬೇಕು, ಅಂಥಾ ರೊಟ್ಟಿ!"

ಟೀಚರು ಪಟ್ಟಿಯಲ್ಲಿ ಮೊದಲ ಹೆಸರು ಅವನದೇ ಬರೆದುಕೊಂಡರು. ಸಭೆ ಚಪ್ಪಾಳೆ ತಟ್ಟಿತು. ಇನ್ನು ಹಿಂದೆ ಸರಿಯುವ ದಾರಿಯೇ ಉಳಿಯಲಿಲ್ಲ.

ಐದನೆಯ ಇಯತ್ತೆಯ ಶಿವಗಂಗಾ ಮಾತ್ರ ದಾರಿಯಲ್ಲಿ ಬರುತ್ತ ಅಪ್ಪನ ಅಂಗಿ ಜಗ್ಗಿದಳು. "ಅಪ್ಪಾ, ಕೂಡಿ ಕಲಿಯೂದಂದ್ರ ನೀ ಮಾಸ್ತರ ಆಗೂದಲ್ಲ ಮತ್ತ." ಹೋದ ವರ್ಷ ಅಪ್ಪ ಭಾಗಾಕಾರ ಕಲಿಸಿದ್ದನ್ನು ಅವಳು ಮರೆತಿರಲಿಲ್ಲ. ಓಣಿಯೂ ಮರೆತಿರಲಿಲ್ಲ.

ಭಾನುವಾರ ಮುಂಜಾನೆ ಒಂಬತ್ತಕ್ಕೆ ಹೆಂಡತಿ ಶೀಲಾ ಎಸರು ಹಾಕಿ, ಹಿಟ್ಟು ನಾದಿ, ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಮಗಳು ವಹಿಯಲ್ಲಿ ಏನೋ ಬರೆದುಕೊಂಡಳು. ನಾಗಲಿಂಗ ಗಡಿಯಾರ ನೋಡಿದ.

"ಇನ್ನ ಹನ್ನೊಂದರ ತನಕ ನಿನ್ನ ಬಾಯಿಂದ ಒಂದು ಮಾತು ಹೊರಗ ಬರಬಾರದು. ನಿಯಮ ಅಂದ್ರ ನಿಯಮ!"

"ಖರೇನ?"

"ಖರೇನ!"

"ಮನಿ ಮ್ಯಾಲ ಮನಿ ಬಿದ್ರೂ ಮಾತಾಡಾಂಗಿಲ್ಲ ನೋಡ್ರಿ."

"ಬೀಳಲಿ!"

ಶೀಲಾ ಮಣೆ ಎಳೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತಳು. ಮದುವೆಯಾದ ಹದಿಮೂರು ವರ್ಷಗಳಲ್ಲಿ ಅವಳು ಅಷ್ಟು ಹಾಯಾಗಿ ಕೂತದ್ದು ಅದೇ ಮೊದಲು.

ಈಗ ಆ ಓಣಿಯ ಸಂಗತಿ ಒಂದಿಷ್ಟು ಹೇಳಲೇಬೇಕು. ಅಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಯಾರ ಮನೆಯಲ್ಲಿ ಯಾರು ರೊಟ್ಟಿ ಬಡಿಯುತ್ತಿದ್ದಾರೆ ಎಂದು ಯಾರೂ ಇಣುಕಿ ನೋಡುವುದಿಲ್ಲ, ಸಪ್ಪಳ ಸಾಕು. ಶೀಲಾಳ ಕೈ ಅಂದರೆ ತಪತಪ ತಪತಪ, ಹದವಾದ ಮಳೆ ಹಿಡಿದಂತೆ. ಪಕ್ಕದ ಮನೆಯ ಗೌಸಿಯಾ ಹನ್ನೆರಡು ವರ್ಷದಿಂದ ಆ ಸಪ್ಪಳ ಕೇಳುತ್ತಲೇ ಚಹಾ ಕುಡಿದವಳು. ಅಂದು ಗೋಡೆಯಾಚೆಯಿಂದ ಬಂದದ್ದೇ ಬೇರೆ: ತಪ್... ತಪತಪತಪ... ಧಡ್! ಅದರ ಬೆನ್ನಿಗೇ, "ಥೂ ಇದರ!"

"ಅಪ್ಪಾ, ಬೈಗುಳ ಒಂದು."

"ಹಿಟ್ಟಿಗೆ ಬೈದೆನವಾ!"

"ಹಿಟ್ಟಿಗೆ ಬೈದ್ರೂ ಬೈಗುಳಾನ."

ಗೌಸಿಯಾ ಚಹಾದ ಬಸಿ ಅಲ್ಲೇ ಬಿಟ್ಟು ಓಡಿ ಬಂದಳು. "ನಾಗಲಿಂಗಣ್ಣ, ಶೀಲಕ್ಕನ ಕೈಗೆ ಏನಾತ್ರಿ?"

"ಕೈಗೆ ಏನೂ ಆಗಿಲ್ಲ ತಂಗಿ. ಬಾಯಿ ಅಷ್ಟ ಬಂದ್ ಐತಿ," ಎಂದ ನಾಗಲಿಂಗ, ಮೊಣಕೈತನಕ ಹಿಟ್ಟು ಮೆತ್ತಿಕೊಂಡು.

ಗೌಸಿಯಾ ಶೀಲಾಳತ್ತ ನೋಡಿದಳು. ಶೀಲಾ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಭುಜ ಗದಗದ ನಡುಗುತ್ತಿತ್ತು. ಕಣ್ಣಲ್ಲಿ ನೀರು.

"ಯಾ ಅಲ್ಲಾ! ಕೈನೂ ಹೋತು, ಬಾಯಿನೂ ಹೋತು! ಲಕ್ವಾ!"

"ಲಕ್ವಾ ಅಲ್ಲ ತಂಗಿ, ಇದು ಸಾಲಿ ಅಭ್ಯಾಸ!"

"ಹೆಂಡ್ತಿಗೆ ಲಕ್ವಾ ಹೊಡದ್ರ ಸಾಲಿ ಅಭ್ಯಾಸ ಅಂತೀರಲ್ರಿ! ದವಾಖಾನಿಗೆ ಒಯ್ಯೂದು ಬಿಟ್ಟು ರೊಟ್ಟಿ ಬಡೀತೀರಲ್ರಿ!" ಎಂದವಳೇ ಹೊರಗೆ ಓಡಿದಳು. ಶೀಲಾಳ ಬಾಣಂತನದ ಕಾಲದಿಂದ ಅವಳ ತವರಿನ ನಂಬರು ಗೌಸಿಯಾಳ ಫೋನಿನಲ್ಲಿತ್ತು. ಬಾದಾಮಿಯ ಆ ತವರಿನಲ್ಲಿ ಫೋನು ಗಣಗಣಿಸಿದ ಸುದ್ದಿ ಪಾಪ ನಾಗಲಿಂಗನಿಗೆ ಗೊತ್ತಾಗಲಿಲ್ಲ. ಅವನು ಮೂರನೆಯ ಉಂಡೆಯೊಡನೆ ಕುಸ್ತಿಗೆ ಬಿದ್ದಿದ್ದ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಬಾಗಿಲಲ್ಲಿ ಕ್ರೂಸರ್ ಗಾಡಿ ನಿಂತಿತು. ಮಾವ ಶಂಕ್ರಪ್ಪ, ಅತ್ತೆ ಗುರುಸಿದ್ದವ್ವ, ಹಿಂದೆ ಬೀಗರು ಬಿಜ್ಜರು ಸೇರಿ ಹನ್ನೊಂದು ಮಂದಿ! ಓಣಿ ಅರ್ಧ ಒಳಗೆ, ಅರ್ಧ ಹೊರಗೆ.

ಗುರುಸಿದ್ದವ್ವ ಮಗಳ ಗದ್ದ ಹಿಡಿದೆತ್ತಿದಳು. "ಬಾಯಿ ಸೊಟ್ಟ ಆಗೇತೇನ ನೋಡ್ರಿ!"

ಶೀಲಾ ನಗು ನುಂಗಲು ಹೋಗಿ ಬಾಯಿ ನಿಜಕ್ಕೂ ಸೊಟ್ಟ ಮಾಡಿದಳು.

"ಆಗೇತ್ರಿ!" ಎಂದು ಹನ್ನೊಂದೂ ಮಂದಿ ಕೂಗಿದರು.

ಶಂಕ್ರಪ್ಪ ಅಳಿಯನತ್ತ ತಿರುಗಿದ. "ಅಳ್ಯಾರ, ನಮಗ ಒಂದು ಮಾತು ಹೇಳಬಾರದಾ?"

ನಾಗಲಿಂಗ ಹೆಂಡತಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಶೀಲಾ, ಆರಾಮ ಅದೀನಿ ಅಂತ ಒಂದ ಒಂದು ಮಾತು ಹೇಳ ಮಾರಾಯ್ತಿ!"

ಶೀಲಾ ಬೆರಳೆತ್ತಿ ಗೋಡೆ ಗಡಿಯಾರ ತೋರಿಸಿದಳು.

"ನಿಯಮ ಗಿಯಮ ಬಿಡ!"

"ಅಪ್ಪಾ," ಎಂದಳು ಶಿವಗಂಗಾ ವಹಿಯಿಂದ ತಲೆಯೆತ್ತದೆ, "ನಿಯಮ ಅಂದ್ರ ನಿಯಮ."

ಆ ಹತ್ತು ನಿಮಿಷ ನಾಗಲಿಂಗನಿಗೆ ಹತ್ತು ವರ್ಷವಾಯಿತು. ಗಡಿಯಾರ ಹನ್ನೊಂದು ಬಾರಿಸಿತು. ಶೀಲಾ ಸೆರಗು ಬಿಟ್ಟಳು, ಮನಸಾರೆ ನಕ್ಕಳು, ಕಣ್ಣೊರೆಸಿಕೊಂಡು ನುಡಿದಳು: "ಯವ್ವಾ, ಎಲ್ಲಾರೂ ಕುಂದರ್ರಿ. ಊಟಕ್ಕ ರೊಟ್ಟಿ ಅವರು ಬಡಿಯಾಕತ್ತಾರ."

ನಡೆದದ್ದು ತಿಳಿದು ಮನೆ ನಗೆಯಿಂದ ತುಂಬಿತು. ಶಂಕ್ರಪ್ಪ ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿದ. ಅದು ಮೂರಾಗಿ ಬಂತು. "ಇದು ಯಾವ ಜಿಲ್ಲಾದ ನಕಾಶಿ ಅಳ್ಯಾರ?"

ನಾಗಲಿಂಗನಿಗೆ ನಗು ಬರಲಿಲ್ಲ. ಕಣ್ಣ ಮುಂದೆ ಶನಿವಾರ ಬಂದು ನಿಂತಿತ್ತು. ಹದಿನಾಲ್ಕು ರೊಟ್ಟಿ, ಹದಿನಾಲ್ಕೂ ಚೂರು! ಆಗ ಮಗಳು ಹತ್ತಿರ ಬಂದು ವಹಿ ತೋರಿಸಿದಳು. "ಅಪ್ಪಾ, ಅವ್ವ ಎಸರು ಹಾಕಿದಾಗ ಹಿಟ್ಟಿನಿಂದ ಹೊಗಿ ಬಂತು. ನಮ್ಮದಕ್ಕ ಬರಲಿಲ್ಲ."

"ಮೊದಲ ಯಾಕ ಹೇಳಲಿಲ್ಲ?"

"ಹೇಳಾಕ ಬಂದೆ. ನೀ ನನಗ ಕಲ್ಲು ಕೊಯ್ಯೂದರ ಪಾಠ ಮಾಡಾಕತ್ತಿದ್ದಿ."

ಮಗಳ ಕೈ ಸುಟ್ಟೀತೆಂದು ಅವನು ಉಗುರುಬೆಚ್ಚಗಿನ ನೀರು ಸುರಿದಿದ್ದ. ಹಿಟ್ಟಿಗೆ ಜಿಗಿ ಬರುವುದಾದರೂ ಎಲ್ಲಿಂದ! ನಾಗಲಿಂಗ ಒಲೆ ಮತ್ತೆ ಹಚ್ಚಿದ. "ಎಷ್ಟು ಕುದೀಬೇಕಂತಿ?" ಎಂದ. ಜನ್ಮದಲ್ಲಿ ಮೊದಲ ಸಲ ಮಗಳನ್ನು ಕೇಳಿದ್ದ.

"ನನಗೂ ಗೊತ್ತಿಲ್ಲ. ನೋಡೂಣು ಬಾ."

ಇಬ್ಬರೂ ಪಾತ್ರೆಯೊಳಗೆ ಇಣುಕುತ್ತ ನಿಂತರು. ಆ ಮಧ್ಯಾಹ್ನ ಒಂದೇ ಒಂದು ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಹನ್ನೊಂದು ಮಂದಿ ಅದನ್ನು ಪ್ರಸಾದದಂತೆ ಹರಿದು ತಿಂದರು.

ವಾರವಿಡೀ ಸಂಜೆ ಅಪ್ಪ-ಮಗಳು ಬಡಿದರು. ಶನಿವಾರ ಶಾಲೆಯಲ್ಲಿ ಶಿವಗಂಗಾಳ ರೊಟ್ಟಿ ದುಂಡಗೆ ಬಂತು. ನಾಗಲಿಂಗನದು ಚಂದ್ರನನ್ನು ನಾಚಿಸುವಷ್ಟಿರಲಿಲ್ಲ, ಆದರೆ ಇಡಿಯಾಗಿತ್ತು! ಅವನು ಎದೆ ಉಬ್ಬಿಸಿಕೊಂಡು ಓಣಿಗೆ ಬಂದು ಗೌಸಿಯಾಳ ಬಾಗಿಲಲ್ಲಿ ನಿಂತ.

"ಏನ್ ತಂಗಿ, ಐದು ದಿನ ಸಂಜೀಕ ಬಡದೇನಿ, ಒಬ್ಬರೂ ಓಡಿ ಬರಲಿಲ್ಲ! ಶೀಲಾನ ಕೈ ಅಂತ ತಿಳಿದ್ರೇನ?"

"ಇಲ್ಲ ಅಣ್ಣ," ಎಂದು ಗೌಸಿಯಾ ಒಳಗಿನಿಂದ ಒಂದು ಚೀಟಿ ತಂದಳು. "ಇದನ್ನ ಸೋಮವಾರನ ಮನಿಮನಿಗೆ ಕೊಟ್ಟಾಳ ನಿಮ್ಮ ಮಗಳು."

ಮುದ್ದಾದ ಅಕ್ಷರದಲ್ಲಿ ಬರೆದಿತ್ತು: 'ಓಣಿಯ ಎಲ್ಲರಿಗೂ ತಿಳಿಸುವುದೇನೆಂದರೆ, ದಿನಾಲೂ ಸಂಜೆ ಆರರಿಂದ ಏಳರವರೆಗೆ ನಮ್ಮ ಅಪ್ಪ ರೊಟ್ಟಿ ಬಡಿಯುತ್ತಾರೆ. ಅವ್ವ ಆರಾಮ ಇದ್ದಾಳೆ. ದಯವಿಟ್ಟು ಯಾರೂ ಬಾದಾಮಿಗೆ ಫೋನ್ ಮಾಡಬಾರದು.'