ಕುಟುಂಬದಿಂದ ಹೊರಗಿಟ್ಟ ಹಳದಿ ಗೊಂಬೆಯ ಕುರಿತು

ಬಿಲ್ಬಿ ಕ್ರೀಕ್ ಕೃಷಿ ಮೇಳದ ಕರಕುಶಲ ವಿಭಾಗದ ಮುಖ್ಯ ಮೇಲ್ವಿಚಾರಕರಾದ ಶ್ರೀ ಕ್ಲೈವ್ ಹ್ಯಾರಪ್ ಅವರ ಸನ್ನಿಧಿಗೆ,

ಮಾನ್ಯರೇ,

ಮೂವತ್ತು ವರ್ಷಗಳಿಂದ ಅಳತೆಪಟ್ಟಿ ಹಿಡಿದು ನಮ್ಮೂರಿನ ಕಾಲುಚೀಲ, ಕುಲಾವಿ, ಕೌದಿಗಳ ಶಿಸ್ತನ್ನು ಕಾಯುತ್ತಾ ಬಂದಿರುವ ತಮಗೆ ಅನಂತ ವಂದನೆಗಳು. ಈ ವರ್ಷ 'ಕೈಕೆಲಸದಲ್ಲಿ ನನ್ನ ಕುಟುಂಬ' ಎಂಬ ಹೊಸ ಸ್ಪರ್ಧೆ ಏರ್ಪಡಿಸಿ, ಕುಟುಂಬ ಎಂದರೆ ಯಾರೆಂಬ ತೊಡಕಿನ ಪ್ರಶ್ನೆಯನ್ನೂ ತಾವೊಬ್ಬರೇ ಬಗೆಹರಿಸಿದ್ದೀರಿ. ಅಂಥ ಉಪಕಾರವನ್ನು ಗುಟ್ಟಾಗಿ ನೆನೆಯುವುದು ಸರಿಯಲ್ಲವೆಂದು ಊರಿನ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಾನು ಏಳು ಗೊಂಬೆಗಳನ್ನು ಹೆಣೆದಿದ್ದೆ, ಒಬ್ಬೊಬ್ಬರದನ್ನೂ ಅವರವರ ಹಳೆಯ ಸ್ವೆಟರ್ ಬಿಚ್ಚಿದ ಉಣ್ಣೆಯಿಂದಲೇ. ತೊಡಕಾದದ್ದು ನನ್ನ ಮಕ್ಕಳ ತಂದೆ ಕೀತ್‌ನದು. ಹತ್ತೊಂಬತ್ತು ವರ್ಷಗಳ ಹಿಂದೆ ನನ್ನನ್ನು ಬಿಟ್ಟು ಜನೀನ್‌ಳನ್ನು ಮದುವೆಯಾದ ಅವನು ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಅಂತ್ಯಕ್ರಿಯೆಯಲ್ಲೂ ನಾವಿಬ್ಬರು ಹೆಂಗಸರು ಚರ್ಚಿನ ಎರಡು ತುದಿಗಳಲ್ಲಿ ಕುಳಿತಿದ್ದೆವು. ಅವನ ಸ್ವೆಟರ್ ಕೇಳಿ ಅವಳಿಗೆ ಎರಡು ಸಾಲು ಬರೆದೆ. ವಾರದಲ್ಲಿ ಪಾರ್ಸೆಲ್ ಬಂತು. ನಾನೂ ಅವನೂ ಮದುವೆಯಾದ ವರ್ಷ ನಾನೇ ಹೆಣೆದ ನೀಲಿ ಸ್ವೆಟರ್. ಸವೆದ ಮೊಣಕೈಗಳಿಗೆ ಜನೀನ್ ಹಳದಿ ದಾರದಲ್ಲಿ ರಫು ಮಾಡಿದ್ದಳು. ಅದರಡಿಯಲ್ಲಿ, ನಾನು ಕೇಳದೇ ಇದ್ದ, ಅವಳದೇ ಹಳದಿ ಸ್ವೆಟರ್. ಕಾಗದವಿರಲಿಲ್ಲ. ಏಳನೆಯ ಗೊಂಬೆ ಹುಟ್ಟಿದ್ದು ಹಾಗೆ. ಅದನ್ನು ಮೇಳದ ಮೇಜಿನ ಮೇಲೆ, ಮೊಣಕೈಗೆ ಆ ಹಳದಿ ದಾರವನ್ನೇ ಉಳಿಸಿಕೊಂಡ ಕೀತ್‌ನ ಗೊಂಬೆಯ ಪಕ್ಕ ನಿಲ್ಲಿಸಿ, ಶನಿವಾರ ಬಂದು ನೋಡೆಂದು ಅವಳನ್ನು ಕರೆದೆ.

ಅವಳು ಬಂದಳು. ಮೇಜಿನ ಮೇಲೆ ಆರೇ ಗೊಂಬೆಗಳಿದ್ದವು. ಕೀತ್‌ನ ಪಕ್ಕ ಗೇಣಗಲ ಖಾಲಿ.

"ಪರವಾಗಿಲ್ಲ ಲೊರ್ನಾ," ಎಂದಳು ಜನೀನ್, ಕೈಚೀಲ ಹೆಗಲಿಗೇರಿಸುತ್ತಾ. "ಆದ್ರೆ ಇದನ್ನ ತೋರಿಸೋಕೆ ಇಷ್ಟು ದೂರ ಕರೆಸಬೇಕಿರ್ಲಿಲ್ಲ."

ಅವಳ ತೋಳು ಹಿಡಿದುಕೊಂಡೇ ತಮ್ಮ ಬಳಿ ಓಡಿಬಂದೆ. ತಾವು ಕನ್ನಡಕ ಸರಿಪಡಿಸಿಕೊಂಡು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: "ಬಿಟ್ಟುಹೋದ ಗಂಡನ ಹೆಂಡ್ತಿ ಎಲ್ಲಾದ್ರೂ ಕುಟುಂಬ ಆಗ್ತಾಳೇನಮ್ಮ? 'ಇತರೆ ಗೊಂಬೆಗಳು' ಮೇಜಿಗೆ ಹಾಕಿದೀನಿ. ಎರಡನೇ ಬಹುಮಾನ ಬಂದಿದೆ, ಖುಷಿ ಪಡಿ."

ನಿಜವೇ. ಬಟ್ಟೆಯ ಕಪ್ಪೆಯೊಂದರ ಪಕ್ಕ, ಎದೆಗೆ ರಿಬ್ಬನ್ ಕಟ್ಟಿಸಿಕೊಂಡು ಹಳದಿ ಗೊಂಬೆ ನಿಂತಿತ್ತು. ಜನೀನ್ ಆ ರಿಬ್ಬನ್ನನ್ನೇ ದಿಟ್ಟಿಸಿದಳು. "ಹತ್ತೊಂಬತ್ತು ವರ್ಷ ಎರಡನೇ ಹೆಂಡ್ತಿ, ಎರಡನೇ ಹೆಂಡ್ತಿ ಅನ್ನಿಸ್ಕೊಂಡೆ. ಇವತ್ತು ಸರ್ಟಿಫಿಕೇಟೇ ಕೊಟ್ಬಿಟ್ರಲ್ಲೇ!" ಎಂದು ನಗತೊಡಗಿದವಳು ಅಳುವವರೆಗೂ ನಿಲ್ಲಿಸಲಿಲ್ಲ. ನಾನೂ ನಿಲ್ಲಿಸಲಿಲ್ಲ.

ಗೊಂಬೆಯನ್ನು ಮತ್ತೆ ಕೀತ್‌ನ ಪಕ್ಕಕ್ಕೆ ಒಯ್ಯಲು ಹೋದರೆ, ಬಹುಮಾನ ಪಡೆದ ವಸ್ತುವನ್ನು ಭಾನುವಾರ ನಾಲ್ಕು ಗಂಟೆಯವರೆಗೆ ಕದಲಿಸುವಂತಿಲ್ಲವೆಂಬ ನಿಯಮವನ್ನು ತಾವು ಓದಿ ಹೇಳಿದಿರಿ. ಎಂಥ ದೂರದೃಷ್ಟಿಯ ನಿಯಮ! 'ತಂದೆಯ ಮೊಣಕೈ ಬಣ್ಣ ಹೊಂದಿಲ್ಲ' ಎಂಬ ಷರಾ ಹೊತ್ತ ನಮ್ಮ ಉಳಿದ ಆರು ಮಂದಿಗೆ ಅದೃಷ್ಟವಶಾತ್ ಯಾವ ಬಹುಮಾನವೂ ಬಂದಿರಲಿಲ್ಲ. ಆದ್ದರಿಂದ ಜನೀನ್ ಕೀತ್‌ನನ್ನು ಎತ್ತಿಕೊಂಡಳು, ನಾನು ನನ್ನನ್ನೂ ಮಕ್ಕಳು ಮೊಮ್ಮಕ್ಕಳನ್ನೂ ಎತ್ತಿಕೊಂಡೆ, ಇಡೀ ಸಂಸಾರ 'ಇತರೆ' ಮೇಜಿಗೆ ವರ್ಗವಾಯಿತು. ತಾವು ನಮ್ಮೆಲ್ಲರನ್ನೂ ಅನರ್ಹಗೊಳಿಸಿದಿರಿ. ಬಳಿಕ ನಾವಿಬ್ಬರೂ ಚಹಾ ಡೇರೆಯಲ್ಲಿ ಕುಳಿತು ಕೀತ್‌ನ ಮೇಲಿನ ದೂರುಗಳನ್ನು ತಾಳೆ ನೋಡಿದೆವು. ಒದ್ದೆ ಟವೆಲ್ಲಿನ ವಿಷಯದಲ್ಲಂತೂ ಒಂದಕ್ಷರದ ವ್ಯತ್ಯಾಸವೂ ಇರಲಿಲ್ಲ.

ತಮ್ಮಲ್ಲಿ ಒಂದೇ ವಿನಂತಿ. ಈ ಕ್ರಿಸ್‌ಮಸ್ ಊಟಕ್ಕೆ ಜನೀನ್ ನಮ್ಮ ಮನೆಗೆ ಬರುತ್ತಿದ್ದಾಳೆ. ತಾವು ಅಳತೆಪಟ್ಟಿಯೊಂದಿಗೆ ಬಾಗಿಲಲ್ಲಿ ನಿಂತು, ಯಾರು ಊಟದ ಮೇಜಿಗೆ, ಯಾರು ಹಿತ್ತಲಿಗೆ ಎಂದು ವಿಂಗಡಿಸಿಕೊಡಬೇಕು.

ತಮ್ಮ ಅನರ್ಹ ವಿಶ್ವಾಸಿ,
ಲೊರ್ನಾ ಟ್ರೆವೀನ್

ಮರೆತ ಮಾತು: ಮುಂದಿನ ವರ್ಷದ ಜಾಮ್ ಸ್ಪರ್ಧೆಗೆ ನಾನು ಮತ್ತು ಜನೀನ್ ಜಂಟಿಯಾಗಿ ಹೆಸರು ಕೊಟ್ಟಿದ್ದೇವೆ. ಒಂದೇ ಬಾಟಲಿ. ದಯವಿಟ್ಟು ಯಾರ ಪಾಲು ಎಷ್ಟೆಂದು ಚಮಚ ಹಾಕಿ ಬೇರ್ಪಡಿಸಲು ಹೋಗಬೇಡಿ.